‘ಆವರಣ’ದ ಪುಸ್ತಕಪಟ್ಟಿ

ಕಾದಂಬರಿಕಾರ ಎಸ್.ಎಲ್. ಭೈರಪ್ಪನವರು 2025ರ ಸೆಪ್ಟೆಂಬರ್ 24ರಂದು ತೀರಿಕೊಂಡರು. ಅಂತ್ಯಕ್ರಿಯೆ ಅವರು ಬಾಳಿ ಬರೆದ ಮೈಸೂರಿನಲ್ಲೇ ನಡೆಯಿತು. ಅವರು ತೀರಿಕೊಳ್ಳುವ ಎರಡು ದಿನ ಮೊದಲಷ್ಟೇ ಚಾಮುಂಡಿ ಬೆಟ್ಟದಲ್ಲಿ ಲೇಖಕಿ ಬಾನು ಮುಷ್ತಾಕ್ ದಸರಾ ಉದ್ಘಾಟಿಸಿದ್ದರು. ಅದನ್ನು ತಡೆಯಬೇಕೆಂಬ ಅರ್ಜಿ ಸುಪ್ರೀಂ ಕೋರ್ಟಿನವರೆಗೂ ಹೋಗಿ ವಜಾ ಆಗಿತ್ತು. ಯಾರ ಮಾತಿನಿಂದ ಯಾರ ನಂಬಿಕೆಗೆ ನೋವಾಯಿತು ಎಂಬ ವಾದ ಇನ್ನೂ ಆರಿರದ ಆ ದಿನಗಳಲ್ಲಿ, ನುಡಿನಮನಗಳ ನಡುವೆ ಒಂದು ಹೊಗಳಿಕೆ ಮತ್ತೆ ಮತ್ತೆ ಕೇಳಿಬಂತು: ಅಭಿವ್ಯಕ್ತಿ ಸ್ವಾತಂತ್ರ್ಯದ ಪರವಾಗಿ ಕನ್ನಡದಲ್ಲಿ ಬಂದ ಅತ್ಯಂತ ದಿಟ್ಟ ಕಾದಂಬರಿ ಅವರ ‘ಆವರಣ’. ಇದನ್ನು ನಾನು ಒಪ್ಪಲಾರೆ.

ಕಥೆ ಎಲ್ಲರಿಗೂ ಗೊತ್ತಿರುವುದೇ. ಅಮೀರನನ್ನು ಮದುವೆಯಾಗಿ ರಜಿಯಾ ಆದ ಲಕ್ಷ್ಮಿ, ತೀರಿಹೋದ ಅಪ್ಪನ ಪುಸ್ತಕಗಳ ನಡುವೆ ಕೂತು ಔರಂಗಜೇಬನ ಕಾಲದ ಕಾದಂಬರಿಯೊಂದನ್ನು ಬರೆಯುತ್ತಾಳೆ. ಅದು ನಿಷೇಧಕ್ಕೆ ಗುರಿಯಾಗುತ್ತದೆ. ಅವಳು ಓದಿದ ಪುಸ್ತಕಗಳ ಪಟ್ಟಿ ಕಥೆಯ ಒಳಗೇ ಸೇರಿಕೊಂಡಿದೆ. ನನ್ನ ತಕರಾರು ಈ ಪಟ್ಟಿಯ ಬಗ್ಗೆ.

ಐತಿಹಾಸಿಕ ಕಾದಂಬರಿಗೆ ಆಕರ ಸೂಚಿಸುವುದು ತಪ್ಪೇನಲ್ಲ. ಆದರೆ ಇಲ್ಲಿ ಪಟ್ಟಿ ಪುಸ್ತಕದ ಅನುಬಂಧವಾಗಿ ಬರುವುದಿಲ್ಲ, ನಾಯಕಿಯ ಕೈಯಲ್ಲಿ ಬರುತ್ತದೆ. ಅವಳ ಪರವಾದ ಸಾಕ್ಷಿಯೇ ಭೈರಪ್ಪನವರ ಪರವಾದ ಸಾಕ್ಷಿಯೂ ಆಗುತ್ತದೆ. ಅವಳನ್ನು ಪ್ರಶ್ನಿಸಲು ಲೇಖಕ ಯಾವ ಜಾಗವನ್ನೂ ಉಳಿಸಿಕೊಂಡಿಲ್ಲ, ಓದುಗನಿಗೂ ಕೊಟ್ಟಿಲ್ಲ. ಇನ್ನು ಆ ಪಟ್ಟಿ ಸಾಬೀತು ಮಾಡುವುದಾದರೂ ಏನನ್ನು? 1669ರಲ್ಲಿ ಕಾಶಿ ವಿಶ್ವನಾಥನ ಗುಡಿ ಉರುಳಿತೆಂಬುದನ್ನು. ಅದನ್ನು ಬಲ್ಲವರು ಯಾರೂ ಅಲ್ಲಗಳೆದಿಲ್ಲ. ರಜಿಯಾಳ ಕಾದಂಬರಿಯ ಜೀವ ಇರುವುದು ಬೇರೆ ಕಡೆ. ಸೆರೆಸಿಕ್ಕ ರಜಪೂತ ರಾಜಕುಮಾರನೊಬ್ಬ ಹೆಸರು, ಧರ್ಮ, ಗಂಡಸುತನ ಮೂರನ್ನೂ ಕಳೆದುಕೊಂಡು ಜನಾನಾದ ಊಳಿಗದಲ್ಲಿ ಬದುಕುತ್ತಾನೆ, ಆ ಅವಮಾನವನ್ನು ತಾನೇ ಹೇಳುತ್ತಾನೆ. ತನ್ನನ್ನು ಮುರಿದವರ ಚಾಕರಿಯಲ್ಲಿದ್ದುಕೊಂಡೇ ಗುಡಿ ಮುರಿಯುವುದನ್ನು ನೋಡಬೇಕಾದವನ ಒಳಗಿನ ಮೌನವನ್ನು ಪಟ್ಟಿಯ ಯಾವ ಗ್ರಂಥವೂ ಕೊಟ್ಟಿರಲಾರದು. ಅದು ಭೈರಪ್ಪನವರ ಕಲ್ಪನೆ, ಅಲ್ಲಿ ಅವರು ನಿಜಕ್ಕೂ ದೊಡ್ಡ ಕಾದಂಬರಿಕಾರ. ಅದಕ್ಕೆ ಯಾವ ದಾಖಲೆಯ ಆಸರೆಯೂ ಬೇಕಿರಲಿಲ್ಲ.

ಹಾಗಿದ್ದೂ ಕಾದಂಬರಿ ದಾಖಲೆಯನ್ನೇ ನೆಚ್ಚಿಕೊಳ್ಳುತ್ತದೆ. ಬರೆದದ್ದು ಸತ್ಯ, ಆದ್ದರಿಂದ ನಿಷೇಧ ಅನ್ಯಾಯ ಎನ್ನುತ್ತದೆ. ಈ ‘ಆದ್ದರಿಂದ’ ಬಹಳ ಅಪಾಯದ್ದು. ಸ್ವಾತಂತ್ರ್ಯವನ್ನು ಸತ್ಯದ ಬಹುಮಾನ ಮಾಡಿದರೆ, ಬರೆದದ್ದು ಸತ್ಯವೋ ಅಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ಸರ್ಕಾರದ್ದೋ ಕೋರ್ಟಿನದ್ದೋ ಆಗುತ್ತದೆ. 2022ರ ನವೆಂಬರ್‌ನಲ್ಲಿ ಮೈಸೂರಿನ ರಂಗಾಯಣದಲ್ಲಿ ಅಡ್ಡಂಡ ಕಾರ್ಯಪ್ಪನವರ ‘ಟಿಪ್ಪು ನಿಜಕನಸುಗಳು’ ನಾಟಕ ಬಂದಾಗ ಆದದ್ದು ಇದೇ. ನಾಟಕ ತನ್ನನ್ನು ನಿಜವೆಂದು ಕರೆದುಕೊಂಡಿತು. ಇದು ಸುಳ್ಳು ಇತಿಹಾಸ ಎಂದು ಎದುರಾಳಿಗಳು ಬೆಂಗಳೂರಿನ ಸಿವಿಲ್ ಕೋರ್ಟಿಗೆ ಹೋದರು. ನಾಟಕದ ಪುಸ್ತಕದ ಮಾರಾಟಕ್ಕೆ ತಾತ್ಕಾಲಿಕ ತಡೆ ಬಿತ್ತು. ಆ ನಾಟಕ ನನಗೆ ಹಿಡಿಸುವುದಿಲ್ಲ. ತಡೆ ಅದಕ್ಕಿಂತಲೂ ಹಿಡಿಸಲಿಲ್ಲ. ಎರಡೂ ಕಡೆಯವರು ಹಿಡಿದದ್ದು ‘ಆವರಣ’ ಕಲಿಸಿದ ಅಳತೆಗೋಲನ್ನೇ.

ಆ ಅಳತೆಗೋಲು ಬರಹಗಾರನನ್ನು ಕಾಯುವುದೂ ಇಲ್ಲ. ‘ಆವರಣ’ 2007ರಲ್ಲಿ ಬಂತು, ಮೊದಲ ಮುದ್ರಣ ಬಿಡುಗಡೆಗೆ ಮುನ್ನವೇ ಖಾಲಿಯಾಯಿತು, ಮುದ್ರಣದ ಮೇಲೆ ಮುದ್ರಣ ಕಂಡಿತು. ಅದರ ವಿರುದ್ಧ ಕಟುವಾದ ವಿಮರ್ಶೆಗಳು ಬಂದವು, ಪುಸ್ತಕಗಳೇ ಬಂದವು. ನಿಷೇಧ ಬರಲಿಲ್ಲ. ಪುಸ್ತಕಕ್ಕೆ ಉತ್ತರ ಪುಸ್ತಕವೇ, ಆಗಬೇಕಾದದ್ದೂ ಹಾಗೆಯೇ. ಆದರೆ ಅದೇ ವರ್ಷದ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಮತ್ತೊಂದು ಕನ್ನಡ ಕಾದಂಬರಿಯ ಮುಟ್ಟುಗೋಲನ್ನು ಎತ್ತಿಹಿಡಿಯಿತು: ಪಿ.ವಿ. ನಾರಾಯಣರ ‘ಧರ್ಮಕಾರಣ’. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದಿದ್ದ ಆ ಕೃತಿಯನ್ನು ರಾಜ್ಯ ಸರ್ಕಾರ 1997ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಯ 95ನೇ ಕಲಮಿನಡಿ ಮುಟ್ಟುಗೋಲು ಹಾಕಿಕೊಂಡಿತ್ತು. ಆಕ್ಷೇಪ ಇದ್ದದ್ದು ಶರಣೆ ಅಕ್ಕನಾಗಮ್ಮನನ್ನೂ ಅವಳ ಮಗ ಚೆನ್ನಬಸವಣ್ಣನ ಹುಟ್ಟನ್ನೂ ಚಿತ್ರಿಸಿದ ಭಾಗಕ್ಕೆ. ನಾರಾಯಣರು ವಚನ ಸಾಹಿತ್ಯದ ವಿದ್ವಾಂಸರು. ಆಕರಗಳ ಪಟ್ಟಿಗೆ ಅವರಲ್ಲಿ ಬರವಿರಲಿಲ್ಲ. ಪಾಂಡಿತ್ಯ ಅವರನ್ನು ಉಳಿಸಲಿಲ್ಲ. ರಜಿಯಾ ಕಲ್ಪನೆಯಲ್ಲಿ ಅನುಭವಿಸಿದ್ದನ್ನು ನಾರಾಯಣರು ಅದಾಗಲೇ ಹತ್ತು ವರ್ಷ ನಿಜದಲ್ಲಿ ಅನುಭವಿಸಿದ್ದರು.

ಆಗ ನಮ್ಮ ವಿಮರ್ಶಕರು ಏನು ಮಾಡುತ್ತಿದ್ದರು? ಬರಗೂರು ರಾಮಚಂದ್ರಪ್ಪನವರು ಮೇಲ್ಮನವಿ ಹಿಡಿದು ದೆಹಲಿಯವರೆಗೂ ಹೋದರು, ಆ ಶ್ರಮವನ್ನು ಮರೆಯಬಾರದು. ಉಳಿದ ಬಹುಪಾಲು ಜನರ ಕಾವೆಲ್ಲ ‘ಆವರಣ’ದ ಜಗಳಕ್ಕೇ ಖರ್ಚಾಯಿತು. ಯು.ಆರ್. ಅನಂತಮೂರ್ತಿಯವರು ಭೈರಪ್ಪ ಕಾದಂಬರಿಕಾರನಲ್ಲ, ಚರ್ಚಾಪಟು ಎಂದರು. ಅಭಿಮಾನಿಗಳು ಅವರ ಮೇಲೆ ಮುಗಿಬಿದ್ದರು. ಆ ಮಾತು ಸೋಮಾರಿತನದ್ದು ಎಂದು ನನಗೆ ಅನ್ನಿಸುತ್ತದೆ. ಅದು ‘ಆವರಣ’ವನ್ನು ಓದುವ ಕಷ್ಟದಿಂದ ವಿರೋಧಿಗಳನ್ನು ಪಾರುಮಾಡಿತು, ಭಕ್ತರಿಗೊಬ್ಬ ಹುತಾತ್ಮನನ್ನು ಕೊಟ್ಟಿತು. ಅದಕ್ಕಿಂತ ಮುಖ್ಯವಾಗಿ, ಅದು ‘ವಂಶವೃಕ್ಷ’ವನ್ನು ಮರೆತ ಮಾತು.

ಭೈರಪ್ಪನವರ ನಿಜವಾದ ದಿಟ್ಟತನ 1965ರ ಆ ಕಾದಂಬರಿಯಲ್ಲಿದೆ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಯರ ವಿಧವೆ ಸೊಸೆ ಕಾತ್ಯಾಯನಿ ರೈಲು ಹತ್ತಿ ಮೈಸೂರಿಗೆ ಕಾಲೇಜಿಗೆ ಬರುತ್ತಾಳೆ, ಮತ್ತೊಂದು ಮದುವೆಯಾಗುತ್ತಾಳೆ. ಅವಳ ಕೊನೆ ಕ್ರೂರವಾಗಿದೆ ಎಂಬ ದೂರಿನಲ್ಲಿ ಹುರುಳಿದೆ. ಆದರೂ ಅವಳು ಮಾವನೆದುರು ಆಡುವ ಮಾತನ್ನು ಲೇಖಕ ಎಲ್ಲೂ ಹಗುರ ಮಾಡಿಲ್ಲ. ಕಡೆಗೆ ಶ್ರೋತ್ರಿಯರ ಹುಟ್ಟೇ ಶಾಸ್ತ್ರಕ್ಕೆ ಹೊರಗಾದದ್ದು ಎಂದು ತಿಳಿಯುತ್ತದೆ. ಕುಲದ ಶುದ್ಧಿ ಎಂಬ ನಂಬಿಕೆ ಮನೆಯ ಒಳಗಿನಿಂದಲೇ ಕುಸಿಯುತ್ತದೆ. ಪಟ್ಟಿಯಿಲ್ಲ, ಸಾಕ್ಷಿಯಿಲ್ಲ. ಪೂಜ್ಯನೊಬ್ಬನ ಹುಟ್ಟಿನ ಗುಟ್ಟನ್ನು ಕಲ್ಪನೆ ಮುಟ್ಟಬಹುದೇ ಎಂಬ ಪ್ರಶ್ನೆಯೇ ಮುಂದೆ ‘ಧರ್ಮಕಾರಣ’ದ ಕೊರಳಿಗೆ ಬಿತ್ತು.

‘ಆವರಣ’ದಲ್ಲಿ ರಜಿಯಾಳ ಎದುರಾಳಿಯಾದ ಪ್ರೊಫೆಸರ್ ಶಾಸ್ತ್ರಿಯನ್ನು ಕಾತ್ಯಾಯನಿಯ ಪಕ್ಕ ಇಟ್ಟು ನೋಡಿ. ಅವನು ಲಂಪಟ, ಆಷಾಢಭೂತಿ. ಅವನ ವಾದ ಸೋಲುವ ಮೊದಲೇ ಅವನ ನಡತೆಯನ್ನು ಸೋಲಿಸಲಾಗಿದೆ. ಮಾತಿನ ಹಕ್ಕಿಗಾಗಿ ಬರೆದ ಕಾದಂಬರಿ ತನ್ನ ಎದುರಾಳಿಗೆ ನೆಟ್ಟಗೆ ಒಂದು ಮಾತನ್ನೂ ಆಡಗೊಟ್ಟಿಲ್ಲ.

‘ಆವರಣ’ವನ್ನು ಯಾರಾದರೂ ತಡೆಯಲು ಬಂದರೆ ನಾನು ಅದರ ಪರ ನಿಲ್ಲುತ್ತೇನೆ, ಪಟ್ಟಿ ಇದ್ದರೂ ಇಲ್ಲದಿದ್ದರೂ. ಆದರೆ ಅಭಿವ್ಯಕ್ತಿ ಸ್ವಾತಂತ್ರ್ಯದ ಕಾದಂಬರಿ ಎಂಬ ಬಿರುದು ಅದಕ್ಕೆ ಸಲ್ಲುವುದಿಲ್ಲ. ಆ ಬಿರುದು ಕೊಟ್ಟವರು ‘ಧರ್ಮಕಾರಣ’ದ ಪರವಾಗಿಯೂ ಅಷ್ಟೇ ಗಟ್ಟಿಯಾಗಿ ದನಿ ಎತ್ತಲಿ.