ಜನ್ಮಾಂತರ, ಲೋಕಾಂತರ: ಬಳ್ಳಿಗಾವೆಯ ಅಲ್ಲಮನ ಕಥೆಯ ಒಂದು ಓದು

ಸತ್ತವನೊಬ್ಬ ಬೇರೊಂದು ಲೋಕದಲ್ಲಿ ಹುಟ್ಟಿ ಅಲ್ಲಿ ತನ್ನ ಬಾಳನ್ನು ಮತ್ತೆ ಕಟ್ಟಿಕೊಳ್ಳುವ ಕಥನವು ಇತ್ತೀಚಿನ ಕಿಶೋರ ಸಾಹಿತ್ಯದಲ್ಲಿ ಒಂದು ಪ್ರತ್ಯೇಕ ಪ್ರಕಾರವಾಗಿಯೇ ಬೆಳೆದಿದೆ. ಜಪಾನೀಯರು ಇದನ್ನು ‘ಇಸೆಕಾಯಿ’ ಎನ್ನುತ್ತಾರೆ. 2012ರಲ್ಲಿ ಆರಂಭವಾದ ‘ಮುಶೋಕು ತೆನ್ಸೇಯ್’ ಕೃತಿಯಲ್ಲಿ ಮೂವತ್ತನಾಲ್ಕರ ನಿರುದ್ಯೋಗಿಯೊಬ್ಬ ಮಡಿದು ಮಾಂತ್ರಿಕ ಲೋಕವೊಂದರಲ್ಲಿ ಶಿಶುವಾಗಿ ಜನಿಸುತ್ತಾನೆ. ಹಳೆಯ ಜನ್ಮದ ನೆನಪು ಅವನಲ್ಲಿ ಅಳಿಯದೆ ಉಳಿದಿರುತ್ತದೆ. ಆ ನೆನಪೇ ಅವನ ಬಂಡವಾಳ. ಇದು ಕನ್ನಡಕ್ಕೆ ಹೊರಗಿನಿಂದ ಬಂದ ಕಲ್ಪನೆ ಎಂದು ಭಾವಿಸುವವರು ನಮ್ಮ ಕಥನ ಪ್ರಕಾರಕ್ಕೆ ನಾವೇ ಇಟ್ಟುಕೊಂಡ ಹೆಸರನ್ನು ಮರೆತಿದ್ದಾರೆ. ‘ಕಾದಂಬರಿ’ ಎಂಬ ಮಾತು ಬಂದದ್ದೇ ಜನ್ಮಾಂತರದ ಒಂದು ಕಥೆಯಿಂದ.

ಬಾಣಭಟ್ಟನೂ ಅವನ ಮಗನೂ ರಚಿಸಿದ ಆ ಕೃತಿಯನ್ನು ಒಂದನೆಯ ನಾಗವರ್ಮನು 10ನೆಯ ಶತಮಾನದ ಕೊನೆಯಲ್ಲಿ ಚಂಪೂರೂಪದಲ್ಲಿ ಕನ್ನಡಕ್ಕೆ ತಂದನು. ಚಂದ್ರನೇ ಚಂದ್ರಾಪೀಡನಾಗಿ, ಅನಂತರ ಶೂದ್ರಕನಾಗಿ ಹುಟ್ಟುತ್ತಾನೆ. ಪುಂಡರೀಕನು ವೈಶಂಪಾಯನನಾಗಿ, ಬಳಿಕ ಗಿಳಿಯಾಗಿ ಹುಟ್ಟುತ್ತಾನೆ. ಪುಂಡರೀಕನ ಮೃತದೇಹವು ಚಂದ್ರಲೋಕದಲ್ಲಿ ಕೆಡದೆ ಉಳಿದಿರುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಜನ್ಮ ಬದಲಿಸುವವರು ಪುರುಷರು. ಮಹಾಶ್ವೇತೆಯಾಗಲಿ ಕಾದಂಬರಿಯಾಗಲಿ ಸಾಯುವುದಿಲ್ಲ, ಮತ್ತೆ ಹುಟ್ಟುವುದೂ ಇಲ್ಲ, ಅವರು ಕಾಯುತ್ತಾರೆ. ಮರೆಯುವ ಸೌಕರ್ಯ ಅವರಿಗಿಲ್ಲ.

ಶಿವಮೊಗ್ಗ ಸೀಮೆಗೆ ಸೇರಿದ ಜನ್ಮಾಂತರದ ಕಥೆ ಇದಕ್ಕಿಂತ ಚಿಕ್ಕದು. ನನ್ನ ದೃಷ್ಟಿಯಲ್ಲಿ ಹೆಚ್ಚು ತೀಕ್ಷ್ಣವಾದುದು. ಅದು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಅಲ್ಲಮನದು. ಹರಿಹರನ ‘ಪ್ರಭುದೇವರ ರಗಳೆ’ಯಲ್ಲಿ ಲೋಕಾಂತರದ ದಿಕ್ಕೇ ತಿರುಗಿದೆ. ಇಂದಿನ ನಾಯಕನು ಈ ಲೋಕದಿಂದ ಅದ್ಭುತ ಲೋಕಕ್ಕೆ ಹೋದರೆ, ಹರಿಹರನ ಶಿವಗಣವು ಕೈಲಾಸದಲ್ಲಿ ಮೋಹಕ್ಕೆ ಒಳಗಾಗಿ ಇಲ್ಲಿಗೆ ಬೀಳುತ್ತದೆ. ‘ಅನ್ಯಲೋಕ’ವೆಂದರೆ ಬಳ್ಳಿಗಾವೆಯೇ. ಶಿವಮೊಗ್ಗೆಯಿಂದಲೋ ಭದ್ರಾವತಿಯಿಂದಲೋ ಬಸ್ಸು ಹಿಡಿದು ಹೋಗಿ ಕೇದಾರೇಶ್ವರ, ತ್ರಿಪುರಾಂತಕ ಗುಡಿಗಳನ್ನು ನೋಡಿ ಸಂಜೆಗೆ ಮರಳಬಹುದಾದ ಅನ್ಯಲೋಕ!

ಬಿದ್ದವನಿಗೆ ಹಿಂದಿನದು ನೆನಪಿಲ್ಲ, ಶಕ್ತಿಯೂ ಇಲ್ಲ, ಮದ್ದಳೆಯ ಕೌಶಲವೊಂದಿದೆ. ಕಮಲತೆಯನ್ನು ಒಲಿಯುತ್ತಾನೆ, ಅವಳು ಜ್ವರದಿಂದ ಸಾಯುತ್ತಾಳೆ. ದುಃಖದಿಂದ ಅಲೆಯುತ್ತ ಒಂದು ತೋಪಿನಲ್ಲಿ ಕುಳಿತು ಕಾಲುಗುರಿನಿಂದ ನೆಲ ಕೆರೆಯುವಾಗ ಹೊನ್ನ ಕಳಶವೊಂದು ಕಾಣಿಸುತ್ತದೆ. ಅಗೆಸಿದರೆ ಹೂತುಹೋದ ಗುಡಿ, ಒಳಗೆ ಅನಿಮಿಷ, ಅವನ ಕೈಯಲ್ಲಿ ಲಿಂಗ. ಅದನ್ನು ಕೊಟ್ಟೊಡನೆ ಕೊಟ್ಟವನ ಪ್ರಾಣ ಹೋಗುತ್ತದೆ. ಲೋಕದೊಳಗೆ ಲೋಕವೊಂದನ್ನು ತೆರೆಯುವ ಇಂಥ ಬಾಗಿಲು ನಮ್ಮ ಕಥನ ಪರಂಪರೆಯಲ್ಲಿ ವಿರಳ. ಅದನ್ನು ತೆರೆಯುವುದು ಮಂತ್ರವಲ್ಲ, ಶೋಕಗ್ರಸ್ತನ ಅನ್ಯಮನಸ್ಕತೆ. (ಕೆಮ್ಮಣ್ಣುಗುಂಡಿಯ ಅದಿರನ್ನು ಭದ್ರಾವತಿಯ ಕುಲುಮೆಗೆ ಸಾಗಿಸಿದ ಸೀಮೆಯ ಓದುಗರಿಗೆ, ನೆಲ ಅಗೆದರೆ ಏನೋ ಸಿಗುತ್ತದೆ ಎಂಬುದು ಹೊಸ ಮಾತಲ್ಲ, ಏನನ್ನೂ ಹುಡುಕದೆ ಅಗೆಯುವುದು ಮಾತ್ರ ಹೊಸದು.)

15ನೆಯ ಶತಮಾನದ ಚಾಮರಸನು ‘ಪ್ರಭುಲಿಂಗಲೀಲೆ’ಯಲ್ಲಿ ಕಮಲತೆಯನ್ನು ಕೈಬಿಟ್ಟನು. ಅಲ್ಲಿ ಪಾರ್ವತಿಯ ತಾಮಸ ಕಳೆ ಬನವಸೆಯಲ್ಲಿ ಮಾಯೆಯಾಗಿಯೂ ಸಾತ್ವಿಕ ಕಳೆ ಉಡುತಡಿಯಲ್ಲಿ ಮಹಾದೇವಿಯಾಗಿಯೂ ಹುಟ್ಟುತ್ತವೆ. ತಾತ್ವಿಕವಾಗಿ ಇದು ಅಚ್ಚುಕಟ್ಟು. ಆದರೆ ಅಲ್ಲಮ ಸೋಲಲಾರ ಎಂಬುದು ಮೊದಲೇ ನಿಶ್ಚಿತವಾಗಿರುವುದರಿಂದ ತರುಣ ಓದುಗನು ಆತಂಕಪಡಲು ಕಾರಣವೇ ಉಳಿಯುವುದಿಲ್ಲ. ಜ್ವರದಲ್ಲಿ ಸಾಯುವ ಹುಡುಗಿಗೆ ಬದಲು ಒಂದು ತತ್ತ್ವ ಬಂದು ನಿಂತಿತು.

ಹಾಗೆಂದು ಹರಿಹರನ ರಚನೆ ದೋಷರಹಿತವೆಂದಲ್ಲ. ಕೈಲಾಸದ ಪೀಠಿಕೆಯು ಆರಂಭದಲ್ಲಿಯೇ ಬರುವುದರಿಂದ ಕಮಲತೆಯ ಸಾವು ಶಾಪದ ಒಂದು ಕಂತಾಗಿ ಕಾಣುವ ಅಪಾಯವಿದೆ. ಬಾಣನ ಕಥೆಯಲ್ಲಿ ಕ್ರಮ ಬೇರೆ: ಮಹಾಶ್ವೇತೆಯ ಶೋಕವನ್ನು ನಾವು ಮೊದಲು ಅನುಭವಿಸುತ್ತೇವೆ, ಹುಟ್ಟುಗಳ ಲೆಕ್ಕ ತಿಳಿಯುವುದು ಬಹಳ ತಡವಾಗಿ. ವಿವರಣೆ ಬರುವ ಹೊತ್ತಿಗೆ ದುಃಖವು ನಮ್ಮದಾಗಿರುತ್ತದೆ. ವಿವರಣೆಯಿಂದ ಅದು ಅಳಿಯದು. ಇಸೆಕಾಯಿಯ ಸಾಮಾನ್ಯ ಮಾದರಿಯಲ್ಲಿ ಸಾವು ಬರಿಯ ಹೊಸ್ತಿಲು. ದಾಟಿದ ಮೇಲೆ ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ಕಾದಂಬರಿಯಲ್ಲಿ ಹೊಸ್ತಿಲ ಈಚೆಗೆ ಒಬ್ಬಳು ಕುಳಿತೇ ಇರುತ್ತಾಳೆ.

ಆದ್ದರಿಂದ ಅಲ್ಲಮನ ಕಥೆಯನ್ನು ಕಿಶೋರರಿಗಾಗಿ ಗದ್ಯಕ್ಕೆ ತರುವವರಿಗೆ ಒಂದು ಸೂಚನೆ ಮಾಡಬಹುದು. ಕೈಲಾಸವನ್ನು ಕಿತ್ತುಹಾಕಬೇಕಾಗಿಲ್ಲ, ಕಿತ್ತರೆ ಜನ್ಮಾಂತರವೇ ಇಲ್ಲವಾಗುತ್ತದೆ. ಅದನ್ನು ಹೂತ ಗುಡಿಯ ಬಾಗಿಲು ತೆರೆದ ನಂತರದ ಪುಟಗಳಿಗೆ ಒಯ್ಯಬಹುದು. ಬಳ್ಳಿಗಾವೆಯ ಮದ್ದಳೆಯ ಹುಡುಗ ಯಾರೆಂಬುದು ಅಲ್ಲಿಯವರೆಗೆ ಅವನಿಗೆ ತಿಳಿಯದಂತೆ ನಮಗೂ ತಿಳಿಯದಿರಲಿ; ಕಮಲತೆಯ ಜ್ವರ ಏರುವಾಗ ಅವಳು ಉಳಿಯಬಹುದೆಂದು ನಾವೂ ನಂಬುವಂತಾಗಲಿ.