ಮೂರಕ್ಷರದ ದೊಡ್ಡ ಸಂಸಾರ

ಅರ್ಥ ನೋಡಲು ನಿಘಂಟು ತೆರೆಯುವವರು ಒಂದು ಜಾತಿ, ಓದಲೆಂದೇ ತೆರೆಯುವವರು ಇನ್ನೊಂದು. ಈ ಎರಡನೇ ಜಾತಿಯವರಿಗೆ ಕಠಿಣ ಪದಗಳು ಅಷ್ಟಾಗಿ ರುಚಿಸುವುದಿಲ್ಲ. ಮಾರುದ್ದದ ವೈದ್ಯಕೀಯ ಪದಕ್ಕೆ ಇರುವುದು ಒಂದೇ ಅರ್ಥ, ಎರಡು ಸಾಲಿಗೆ ಮುಗಿದುಹೋಗುತ್ತದೆ. ಪುಟಗಟ್ಟಲೆ ಹರಡಿಕೊಳ್ಳುವುದು ಚಿಳ್ಳೆಪಿಳ್ಳೆ ಪದಗಳೇ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿ 1989ರಲ್ಲಿ 20 ಸಂಪುಟಗಳಲ್ಲಿ ಬಂತು. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಜಾಗ ಹಿಡಿದದ್ದು ‘ಸೆಟ್’ ಎಂಬ ಮೂರಕ್ಷರದ ಕ್ರಿಯಾಪದ. ಅದಕ್ಕೆ 430 ಅರ್ಥಗಳು, ವಿವರಣೆಗೆ ಹತ್ತಿರಹತ್ತಿರ 60,000 ಪದಗಳು. ಅಂದರೆ ಒಂದು ಕಾದಂಬರಿಯೇ ಆಯಿತು.

ಈಗ ಪಟ್ಟ ‘ರನ್’ಗೆ ಹೋಗಿದೆ. ಮೂರನೇ ಆವೃತ್ತಿಗಾಗಿ ನಿಘಂಟುಕಾರ ಪೀಟರ್ ಗಿಲಿವರ್ ಅದೊಂದೇ ಪದದ ಮೇಲೆ ತಿಂಗಳುಗಟ್ಟಲೆ ಕೂತು 645 ಅರ್ಥಗಳನ್ನು ವಿಂಗಡಿಸಿದರು. ಎಂಜಿನ್, ರೈಲು, ಕಂಪ್ಯೂಟರ್, ಕಾರ್ಖಾನೆ ಎಲ್ಲವೂ ‘ರನ್’ ಆಗತೊಡಗಿದ ಮೇಲೆ ಅದು ಮುಂದೆ ಹೋದದ್ದು ಸಹಜವೇ. ಆದರೂ ನನ್ನ ಪಕ್ಷಪಾತ ‘ಸೆಟ್’ ಕಡೆಗೇ. ‘ರನ್’ ಬೆಳೆದದ್ದು ಯಂತ್ರಗಳ ದಯೆಯಿಂದ. ‘ಸೆಟ್’ ಬೆಳೆದದ್ದು ಕೈಕೆಲಸದವರ ನಡುವೆ.

‘ಸೆಟ್’ ಹುಟ್ಟಿದ ಬಗೆಯನ್ನು ಇಂಗ್ಲಿಷಿನಲ್ಲಿ ಅರ್ಥಮಾಡಿಕೊಳ್ಳುವುದು ಕಷ್ಟ, ಕನ್ನಡದಲ್ಲಿ ಸುಲಭ. ‘ಸಿಟ್’ ಅಂದರೆ ಕೂರು, ‘ಸೆಟ್’ ಅಂದರೆ ಕೂರಿಸು. ಹಳೆಯ ಇಂಗ್ಲಿಷಿನ ‘ಸೆಟ್ಟನ್’ ಹುಟ್ಟಿದ್ದೇ ಹಾಗೆ. ನಾವು ‘ಇಸು’ ಹಚ್ಚಿ ಮಾಡುವ ಕೆಲಸವನ್ನು ಆ ಭಾಷೆ ಹಿಂದೊಮ್ಮೆ ಸ್ವರ ಬದಲಿಸಿ ಮಾಡುತ್ತಿತ್ತು. ಮರ ತಾನಾಗಿ ಬಿದ್ದರೆ ‘ಫಾಲ್’, ಕಡಿದು ಬೀಳಿಸಿದರೆ ‘ಫೆಲ್’. ನಮ್ಮ ‘ಇಸು’ಗೆ ಇವತ್ತಿಗೂ ಜೀವವಿದೆ, ನಿನ್ನೆ ಬಂದ ಪದಕ್ಕೂ ಹಚ್ಚಬಹುದು. ಅವರಲ್ಲಿ ಆ ಉಪಾಯ ಯಾವತ್ತೋ ನಿಂತುಹೋಗಿ ಇಂಥ ಕೆಲವು ಜೋಡಿಗಳು ಮಾತ್ರ ಉಳಿದಿವೆ.

ಅಕ್ಕಸಾಲಿಯ ಮುಂದೆ ಸ್ವಲ್ಪ ಹೊತ್ತು ಕೂತು ನೋಡಿ. ಉಂಗುರದ ತಲೆಯಲ್ಲಿ ಹರಳಿನ ತಳಕ್ಕೆ ತಕ್ಕ ಗುಳಿ ತೆಗೆಯುತ್ತಾನೆ. ಹರಳನ್ನು ಇಟ್ಟು ನೋಡುತ್ತಾನೆ, ಅಲುಗಾಡಿದರೆ ತೆಗೆದು ಇನ್ನಷ್ಟು ಕೆರೆಯುತ್ತಾನೆ. ಸರಿಹೋಯಿತು ಅನ್ನಿಸಿದ ಮೇಲೆ ಸುತ್ತಲಿನ ಚಿನ್ನದ ಅಂಚನ್ನು ಒಂದು ಕಡೆ ಒತ್ತಿ, ಅದರ ಎದುರು ಕಡೆ ಒತ್ತಿ, ಹೀಗೆ ಸುತ್ತ ಬಂದು ಹರಳಿನ ಮೇಲೆ ಬಾಗಿಸುತ್ತಾನೆ. ಇದು ಇಂಗ್ಲಿಷಿನವನಿಗೆ ‘ಸೆಟ್’ ಮಾಡುವುದು. ನಮ್ಮವನು ಏನನ್ನುತ್ತಾನೆ? ಹರಳು ಕೂರಿಸುವುದು! ಕೋಳಿಯನ್ನು ಕಾವಿಗೆ ಕೂರಿಸುವುದಕ್ಕೂ ಅಲ್ಲಿ ‘ಸೆಟ್’ ಎಂದೇ ಹೇಳುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಷೆಗಳು ಚಿನ್ನದ ಕೆಲಸದಲ್ಲೂ ಕೋಳಿಗೂಡಿನಲ್ಲೂ ಒಂದೇ ಯೋಚನೆಗೆ ಬಂದಿರುವುದನ್ನು ಕಂಡಾಗ ನಿಘಂಟು ಓದಿದ ಶ್ರಮ ಸಾರ್ಥಕ. ಕಲಸಿದ ಸಿಮೆಂಟ್ ‘ಸೆಟ್’ ಆಗುವುದು, ಹೆಪ್ಪು ಹಾಕಿದ ಮೊಸರು ‘ಸೆಟ್’ ಆಗುವುದು, ಮುರಿದ ಮೂಳೆಯನ್ನು ‘ಸೆಟ್’ ಮಾಡುವುದು, ನಾಟಕಕ್ಕೂ ಸಿನಿಮಾಕ್ಕೂ ‘ಸೆಟ್’ ಹಾಕುವುದು ಎಲ್ಲ ಈ ಮನೆತನದವೇ.

ಹಾಗಾದರೆ ಟೀ ಸೆಟ್? ಅದರಲ್ಲಿ ಏನನ್ನು ಎಲ್ಲಿ ಕೂರಿಸಿದ್ದಾರೆ?

ಇಲ್ಲಿ ಬೇರೊಂದು ಕುಲದ ಪ್ರವೇಶ. ಗುಂಪು, ಜೊತೆ, ಕಟ್ಟು ಎಂಬ ಅರ್ಥದ ‘ಸೆಟ್’ ಫ್ರೆಂಚಿನಿಂದ ಬಂದದ್ದು, ಮೂಲ ಲ್ಯಾಟಿನ್ನಿನ ‘ಸೆಕ್ಟಾ’. ಅಂದರೆ ಒಬ್ಬರ ಹಿಂದೆ ನಡೆಯುವ ಅನುಯಾಯಿಗಳು. ಪಂಥ ಎಂಬ ಅರ್ಥದ ‘ಸೆಕ್ಟ್’ ಇದರ ಒಡಹುಟ್ಟು. ಉಚ್ಚಾರ ಒಂದೇ ಆದದ್ದರಿಂದ ಎರಡು ಕುಲಗಳೂ ಕಾಲಕ್ರಮದಲ್ಲಿ ಬೀಗತನ ಬೆಳೆಸಿಕೊಂಡು ಬೆರೆತುಹೋದವು. ಆದ್ದರಿಂದ ಟೀ ಸೆಟ್, ನೆಕ್ಲೇಸಿನ ಜೊತೆ ಓಲೆ ಬರುವ ಸೆಟ್, ಮೋಟಾರನ್ನೂ ಪಂಪನ್ನೂ ಜೋಡಿಸಿದ ನಮ್ಮ ರೈತರ ಪಂಪ್‌ಸೆಟ್ ಎಲ್ಲ ಲ್ಯಾಟಿನ್ನಿನ ಮೊಮ್ಮಕ್ಕಳು. ಹರಳು ಕೂರಿಸುವ ಸೆಟ್ ಒಂದು ಕುಲ, ಅದೇ ಹರಳಿರುವ ಒಡವೆಯ ಸೆಟ್ ಇನ್ನೊಂದು ಕುಲ. ಒಂದೇ ಡಬ್ಬಿಯಲ್ಲಿ ಮಲಗಿರುತ್ತವೆ.

ಸೆಟ್ ದೋಸೆಯದು ಇನ್ನೂ ಸ್ವಾರಸ್ಯ. ತಟ್ಟೆಗೆ ಮೂರು ದೋಸೆ ಒಟ್ಟಿಗೆ ಬರುತ್ತಿದ್ದರಿಂದ ಅದು ಸೆಟ್. ಮನೆಯಲ್ಲಿ ಈಗ ಒಂದೇ ಒಂದನ್ನು ಹುಯ್ದು ತಟ್ಟೆಗೆ ಹಾಕಿದರೂ ಅದು ಸೆಟ್ ದೋಸೆಯೇ. ಲೆಕ್ಕ ಹೋಗಿ ಗುಣ ಉಳಿಯಿತು: ದಪ್ಪ, ಮೆತ್ತಗೆ, ಮೇಲೆಲ್ಲ ತೂತು. ಎಷ್ಟೇ ಅರ್ಥಗಳಿರಲಿ, ಮೆತ್ತಗಿನದು ಎಂಬ ಅರ್ಥವನ್ನು ‘ಸೆಟ್’ಗೆ ಕೊಟ್ಟವರು ನಾವು.

ಇನ್ನು ಬಾಲ ಅಂಟಿಸಿಕೊಂಡ ‘ಸೆಟ್’ಗಳು. ‘ಸೆಟ್ ಆಫ್’ ಅಂದರೆ ಪ್ರಯಾಣ ಹೊರಡುವುದೂ ಹೌದು, ಪಟಾಕಿ ಹಚ್ಚುವುದೂ ಹೌದು. ಕೋರ್ಟಿನಲ್ಲಿ ಅದೇ ಮಾತಿಗೆ ವಜಾ ಹಾಕುವುದು ಎಂದರ್ಥ. ವಿಚಾರಣೆ ನಡೆಯುವಾಗಲೇ ಜೈಲಿನಲ್ಲಿ ಕಳೆದ ದಿನಗಳನ್ನು ಶಿಕ್ಷೆಯಿಂದ ಕಳೆಯುವುದಕ್ಕೆ, 2024ರವರೆಗೆ ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ 428ನೇ ಕಲಂ ಬಳಸಿದ್ದು ಈ ಪದವನ್ನೇ. ‘ಸೆಟ್ ಅಸೈಡ್’ ಇದಕ್ಕಿಂತ ಕಿಲಾಡಿ. ಗೃಹಿಣಿ ಸಂಬಳದಲ್ಲಿ ಸ್ವಲ್ಪ ಹಣವನ್ನು ‘ಸೆಟ್ ಅಸೈಡ್’ ಮಾಡಿದರೆ ಅದು ಮುಂದಕ್ಕೆಂದು ಎತ್ತಿಟ್ಟದ್ದು. ಹೈಕೋರ್ಟು ಕೆಳಗಿನ ಕೋರ್ಟಿನ ಆದೇಶವನ್ನು ‘ಸೆಟ್ ಅಸೈಡ್’ ಮಾಡಿದರೆ ಆ ಆದೇಶ ಸತ್ತಂತೆ. ಕಕ್ಷಿದಾರನಿಗೆ ಇದನ್ನು ಕನ್ನಡದಲ್ಲಿ ಹೇಳುವಾಗ ‘ಬದಿಗಿಟ್ಟಿದ್ದಾರೆ’ ಎಂದರೆ, ಪಾಪ, ಮತ್ತೆ ಯಾವಾಗ ಎತ್ತಿಕೊಳ್ಳುತ್ತಾರೆ ಎಂದು ಕೇಳಿಯಾನು.

‘ಸೆಟ್‌ಬ್ಯಾಕ್’ ಅಂತೂ ಬೆಂಗಳೂರಿನ ಪದವೇ ಆಗಿಬಿಟ್ಟಿದೆ. ಪತ್ರಿಕೆಯ ರಾಜಕೀಯ ಪುಟದಲ್ಲಿ ಅದು ಹಿನ್ನಡೆ. ನಗರ ಪುಟದಲ್ಲಿ ಮನೆಯ ಸುತ್ತ ನಿಯಮದಂತೆ ಬಿಡಬೇಕಾದ ಖಾಲಿ ಜಾಗ. ಮೊದಲನೆಯದು ಎಲ್ಲ ಪಕ್ಷಗಳಿಗೂ ಒಮ್ಮೆಯಾದರೂ ಸಿಕ್ಕೇ ಸಿಗುತ್ತದೆ. ಎರಡನೆಯದನ್ನು ನಮ್ಮ ಹಳೆಯ ಬಡಾವಣೆಗಳಲ್ಲಿ ಹುಡುಕಲು ಹೋದರೆ, ಪಕ್ಕದ ಮನೆಯವರ ಒಗ್ಗರಣೆಗೆ ನಮಗೆ ಸೀನು ಬರುತ್ತದೆ.