50 ಲಕ್ಷದಿಂದ 10 ಕೋಟಿಯವರೆಗೆ: ಐಷಾರಾಮಿ ಕಾರನ್ನು ಸವಿಯುವ ಬಗೆ

ಐಷಾರಾಮಿ ಕಾರು ನೋಡಲು ಹೊರಟವರ ಕಣ್ಣು ಮೊದಲು ಬೀಳುವುದು ಮುಂದಿನ ಲೋಗೋ ಮೇಲೆ, ಆಮೇಲೆ ಡ್ಯಾಶ್‌ಬೋರ್ಡಿನ ದೊಡ್ಡ ಪರದೆಯ ಮೇಲೆ. ಇವೆರಡರಿಂದ ಕಾರಿನ ಬಗ್ಗೆ ತಿಳಿಯುವುದು ತೀರ ಕಡಿಮೆ. ಅಂಥ ಪರದೆ, ಸನ್‌ರೂಫು, ತಣ್ಣನೆ ಗಾಳಿ ಬರುವ ಸೀಟು ಈಗ 15 ಲಕ್ಷದ ಗಾಡಿಗಳಲ್ಲೂ ಸಿಗುತ್ತವೆ. ಹಾಗಾದರೆ 50 ಲಕ್ಷ, 80 ಲಕ್ಷ, 2 ಕೋಟಿ, 10 ಕೋಟಿ ಎಂದು ಬೆಲೆ ಏರುತ್ತ ಹೋದಂತೆ ನಿಜವಾಗಿ ಬದಲಾಗುವುದೇನು? ಸದ್ದು, ಅದುರು, ಕುಲುಕಾಟ, ದಣಿವು ಎಷ್ಟು ಇಳಿದಿವೆ ಎಂಬುದೇ ನನ್ನ ಅಳತೆಗೋಲು. ಈ ಅಳತೆಗೆ ಕಾರು ಕೊಳ್ಳಬೇಕಿಲ್ಲ. ಹಿಂದಿನ ಸೀಟಿನಲ್ಲಿ ಹತ್ತು ನಿಮಿಷ ಕಣ್ಣು ಮುಚ್ಚಿ ಕೂತರೆ ಸಾಕು.

ಬೆಲೆಯ ಲೆಕ್ಕವನ್ನು ಮೊದಲೇ ಮುಗಿಸಿಬಿಡೋಣ. ನಾವು ಕೊಡುವ ದುಡ್ಡೆಲ್ಲ ಕಾರಿಗೆ ಹೋಗುವುದಿಲ್ಲ. 2025ರ ಸೆಪ್ಟೆಂಬರ್‌ನಿಂದ ದೊಡ್ಡ ಕಾರುಗಳಿಗೆ ಜಿಎಸ್‌ಟಿಯೇ ಶೇ 40. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್, ಡೀಸೆಲ್ ಕಾರಿಗೆ ಶೇ 18ರ ರಸ್ತೆ ತೆರಿಗೆ, ಅದರ ಮೇಲೆ ಸೆಸ್ ಬೇರೆ. ಪುಣೆ ಹತ್ತಿರದ ಚಾಕಣದ ಬೆಂಜ್, ಚೆನ್ನೈ ಬಳಿಯ ಬಿಎಂಡಬ್ಲ್ಯು, ನಮ್ಮ ಹೊಸಕೋಟೆಯ ವೋಲ್ವೊ ಇಲ್ಲೇ ಜೋಡಣೆಯಾಗುವುದರಿಂದ ಸುಂಕ ಕಡಿಮೆ. ಇಡೀ ಕಾರಾಗಿಯೇ ಹಡಗಿನಲ್ಲಿ ಬಂದಿಳಿಯುವ ಗಾಡಿಯ ಬೆಲೆ ಸುಂಕವೊಂದರಿಂದಲೇ ಎರಡು ಪಟ್ಟಾಗುವುದು ಇಲ್ಲಿ ಬಹುಕಾಲದಿಂದ ನಡೆದುಬಂದದ್ದು. ಆದ್ದರಿಂದ ಎರಡು ಪಟ್ಟು ಬೆಲೆ ಎಂದ ಕೂಡಲೇ ಎರಡು ಪಟ್ಟು ಒಳ್ಳೆಯ ಕಾರು ಎಂದುಕೊಳ್ಳಬಾರದು.

ಈಗ ಕಾರಿನ ಪಕ್ಕಕ್ಕೆ ಬಂದು ನಿಲ್ಲಿ. ಮುಂದಿನ ಚಕ್ರಕ್ಕೂ ಮುಂದಿನ ಡೋರಿನ ಅಂಚಿಗೂ ನಡುವೆ ಎಷ್ಟು ಜಾಗವಿದೆ ನೋಡಿ. ಅಲ್ಲಿ ಒಂದು ಗೇಣಿಗಿಂತ ಹೆಚ್ಚು ಬಿಡುವಿದ್ದರೆ, ಒಳಗೆ ಎಂಜಿನ್ ಉದ್ದುದ್ದಕ್ಕೆ ಕೂತಿದೆ, ಶಕ್ತಿ ಮುಖ್ಯವಾಗಿ ಹಿಂದಿನ ಚಕ್ರಗಳಿಗೆ ಹೋಗುತ್ತಿದೆ ಎಂದು ಬಹುಮಟ್ಟಿಗೆ ಹೇಳಿಬಿಡಬಹುದು. ಚಕ್ರ ಡೋರಿಗೆ ಅಂಟಿಕೊಂಡಂತಿದ್ದರೆ ಎಂಜಿನ್ ಅಡ್ಡಡ್ಡಲಾಗಿದೆ. ಬೆಂಜ್ ಸಿ-ಕ್ಲಾಸ್ ಮೊದಲನೆಯ ಬಗೆ, ಟೊಯೋಟಾ ಕ್ಯಾಮ್ರಿ ಎರಡನೆಯದು. ಉದ್ದ ಬಾನೆಟ್ಟಿನ ಆ ಗಾಂಭೀರ್ಯ ರಾಜಕಳೆ ಕೊಡುತ್ತದೆ, ನಿಜ. ಆದರೆ ಅದಕ್ಕಾಗಿ ಒಳಗಿನ ಜಾಗವನ್ನು ಬಿಟ್ಟುಕೊಡಬೇಕಾಗುತ್ತದೆ. ಜೊತೆಗೆ ಹಿಂದಿನ ಚಕ್ರಕ್ಕೆ ಹೋಗುವ ದಂಡಕ್ಕೆ ದಾರಿ ಬೇಕಲ್ಲ, ಹಾಗಾಗಿ ಹಿಂದೆ ನಡುವೆ ಕೂತವರ ಕಾಲ ಬಳಿ ದೊಡ್ಡ ದಿಬ್ಬ ಎದ್ದಿರುತ್ತದೆ.

ಮೊದಲ ಮೆಟ್ಟಿಲಿನಲ್ಲೇ ಹೊಸಬರು ಎಡವುವುದು ಇದಕ್ಕಾಗಿ. 60 ಲಕ್ಷದ ಆಸುಪಾಸಿನ ಸಿ-ಕ್ಲಾಸ್ ಓಡಿಸುವವರ ಕಾರು. ಸ್ಟೀರಿಂಗ್ ಹಿಡಿದವರಿಗೆ ಅದು ಸುಖ ಕೊಡುತ್ತದೆ. ಹಿಂದೆ ಕೂತ ಎತ್ತರದ ಮನುಷ್ಯನಿಗೆ ಮಾತ್ರ ಮಂಡಿ ಇಕ್ಕಟ್ಟು. ಬಿಡದಿಯಲ್ಲಿ ಜೋಡಣೆಯಾಗುವ ಕ್ಯಾಮ್ರಿ 50 ಲಕ್ಷದೊಳಗೇ ಸಿಗುತ್ತದೆ. ಅದರಲ್ಲಿ 2.5 ಲೀಟರ್ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಮೋಟಾರು ಇವೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಇಂಚಿಂಚೇ ಸರಿಯುವಾಗ ಎಂಜಿನ್ ಹೆಚ್ಚಿನ ಹೊತ್ತು ಆರಿಯೇ ಇರುತ್ತದೆ, ಗಾಡಿ ಸದ್ದಿಲ್ಲದೆ ಮುಂದೆ ಹೋಗುತ್ತದೆ. ಊರೊಳಗಿನ ಓಡಾಟಕ್ಕೆ, ಅಪ್ಪ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಹೋಗುವುದಕ್ಕೆ, ನಕ್ಷತ್ರದ ಗುರುತಿನ ಆ ಚಿಕ್ಕ ಕಾರಿಗಿಂತ ಇದೇ ಹೆಚ್ಚು ಐಷಾರಾಮಿ ಎಂದು ನಾನು ಅಳುಕಿಲ್ಲದೆ ಹೇಳುತ್ತೇನೆ.

ಎರಡನೆಯ ಮೆಟ್ಟಿಲು 80 ಲಕ್ಷದಿಂದ 1 ಕೋಟಿ. ಬೆಂಜ್ ಇ-ಕ್ಲಾಸನ್ನು ಭಾರತಕ್ಕೆಂದು ಉದ್ದ ಮಾಡಿಯೇ ಮಾರುತ್ತಾರೆ. ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ ಸಿ-ಕ್ಲಾಸಿನಲ್ಲಿ 2,865 ಮಿ.ಮೀ., ಇಲ್ಲಿ 3,094. ಆ ಒಂಬತ್ತು ಇಂಚು ಬಹುಪಾಲು ಹಿಂದೆ ಕೂತವರ ಕಾಲಿಗೇ ಸಲ್ಲುತ್ತದೆ. ಚಕ್ರಗಳ ಅಂತರ ಹೆಚ್ಚಾದಷ್ಟೂ ಹಂಪ್ ಮೇಲೆ ಕಾರು ಮೂಗು ಎತ್ತಿ ಇಳಿಸುವುದು ಕಡಿಮೆ. ಇ-450ಯಲ್ಲಿ ಆರು ಸಿಲಿಂಡರಿನ ಎಂಜಿನ್ ಇದೆ, ಅದಕ್ಕೆ ವಿಶೇಷ ಗಮನ ಕೊಡಿ. ನಾಲ್ಕು ಸಿಲಿಂಡರಿನ ಎಂಜಿನ್‌ನಲ್ಲಿ ಪಿಸ್ಟನ್‌ಗಳು ಮೇಲೆ ಕೆಳಗೆ ಓಡಾಡುವಾಗ ಒಂದು ಸಣ್ಣ ಅದುರು ಸರಿದೂಗದೆ ಉಳಿದುಬಿಡುತ್ತದೆ. ಆರನ್ನೂ ಒಂದೇ ಸಾಲಿನಲ್ಲಿಟ್ಟರೆ ಒಂದರ ಎಳೆತವನ್ನು ಇನ್ನೊಂದು ತೀರಿಸಿಬಿಡುತ್ತದೆ. ಗಾಡಿ ನಿಂತಾಗ ಸೀಟಿನ ಅಂಚಿಗೆ ಬೆರಳಿಟ್ಟು ನೋಡಿ, ವ್ಯತ್ಯಾಸ ಬೆರಳ ತುದಿಗೇ ತಿಳಿಯುತ್ತದೆ.

ಸಸ್ಪೆನ್ಷನ್ ಪರೀಕ್ಷೆಗೆ ಎರಡು ಬಗೆಯ ರಸ್ತೆ ಬೇಕು. ಒಂದು, ದೊಡ್ಡ ಹಂಪ್. ಅದನ್ನು ದಾಟಿದ ಮೇಲೆ ಕಾರು ಒಮ್ಮೆ ಏರಿ ಇಳಿದು ಸುಮ್ಮನಾಗಬೇಕು. ಎರಡನೆಯ ಸಲ ತಲೆಯಾಡಿಸಿದರೆ ಹಿಡಿತ ಸಾಲದು. ಇನ್ನೊಂದು, ಎಲೆಕ್ಟ್ರಾನಿಕ್ ಸಿಟಿಯಂಥ ಉದ್ದನೆಯ ಫ್ಲೈಓವರ್. ಜಾಯಿಂಟ್ ದಾಟುವಾಗಲೆಲ್ಲ ಟಪ್ ಎಂಬ ಸದ್ದು ಬೆನ್ನಿಗೆ ತಾಗುತ್ತದೋ ಕಿವಿಗೆ ಮಾತ್ರ ಕೇಳುತ್ತದೋ ಗಮನಿಸಿ. ದೊಡ್ಡ ಅಲಾಯ್ ಚಕ್ರ, ತೆಳ್ಳನೆ ಟೈರು ಷೋರೂಮಿನಲ್ಲಿ ಬಹಳ ಚೆಂದ ಕಾಣುತ್ತವೆ. ಆದರೆ ಟೈರಿನೊಳಗಿನ ಗಾಳಿಯೇ ಮೊದಲ ಮೆತ್ತೆ. ಅದನ್ನು ತೆಳ್ಳಗೆ ಮಾಡಿ ಮೇಲೆ ಎಷ್ಟು ಲಕ್ಷ ಸುರಿದರೂ ಹೋದ ಸುಖ ಪೂರ್ತಿ ಮರಳದು. ಒಂದೇ ಮಾದರಿಯಲ್ಲಿ ಚಿಕ್ಕ ಚಕ್ರದ ಗಾಡಿ ಇದ್ದರೆ ಅದರಲ್ಲೇ ಕೂತು ನೋಡಿ.

ಎರಡು ಕೋಟಿಯ ಹತ್ತಿರ ಬೆಂಜ್ ಎಸ್-ಕ್ಲಾಸ್ ನಿಲ್ಲುತ್ತದೆ. ಎಂಜಿನಿಯರಿಂಗ್ ತನ್ನ ತುದಿ ಮುಟ್ಟುವುದು ಇಲ್ಲಿ. ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಚೀಲಗಳು ಕಾರನ್ನು ಹೊರುತ್ತವೆ. ಹಿಂದಿನ ಚಕ್ರಗಳೂ 10 ಡಿಗ್ರಿವರೆಗೆ ತಿರುಗಬಲ್ಲವಾದ್ದರಿಂದ ಇಷ್ಟುದ್ದದ ಗಾಡಿ ಮಲ್ಲೇಶ್ವರದ ಅಡ್ಡರಸ್ತೆಯಲ್ಲೂ ಸಲೀಸಾಗಿ ತಿರುಗುತ್ತದೆ.

ಈ ಎತ್ತರಕ್ಕೆ ಅಷ್ಟೇ ಬೆಲೆ ತೆರಲೇಬೇಕೇ ಎಂಬ ಪ್ರಶ್ನೆಯನ್ನು ಜಪಾನಿನವರು 1989ರಲ್ಲೇ ಎತ್ತಿದ್ದರು. ಲೆಕ್ಸಸ್ ಎಲ್‌ಎಸ್ 400 ಅಮೆರಿಕದಲ್ಲಿ 35,000 ಡಾಲರಿಗೆ, ಜರ್ಮನಿಯ ದೊಡ್ಡ ಕಾರುಗಳಿಗಿಂತ ಬಹಳ ಅಗ್ಗವಾಗಿ ಬಂತು. ಅದರ ಮುಖ್ಯ ಎಂಜಿನಿಯರ್ ಇಚಿರೊ ಸುಝುಕಿ ಅವರ ಹಟ ಒಂದೇ: ಸದ್ದನ್ನು ಮೆತ್ತೆ ಹೊದಿಸಿ ಅಡಗಿಸುವುದಲ್ಲ, ಹುಟ್ಟುವಲ್ಲೇ ತಡೆಯಬೇಕು. ಎಂಜಿನ್‌ನಿಂದ ಹಿಂದಿನ ಚಕ್ರದವರೆಗಿನ ದಂಡವನ್ನು ಒಂದೇ ನೇರದಲ್ಲಿ ಕೂರಿಸಿದ್ದು ಆ ಹಟದ ಫಲ. ಓಡುತ್ತಿರುವ ಆ ಕಾರಿನ ಬಾನೆಟ್ ಮೇಲೆ ಗಾಜಿನ ಲೋಟಗಳ ಗೋಪುರ ಕಟ್ಟಿ, ಒಂದೂ ಉರುಳದಿದ್ದುದನ್ನು ತೋರಿಸಿದ ಜಾಹೀರಾತು ಇಂದಿಗೂ ನೋಡಸಿಗುತ್ತದೆ. ಈ ರುಚಿ ಬೆಳೆಸಿಕೊಳ್ಳುವವರು ಅದನ್ನು ನೋಡಲೇಬೇಕು.

ಇನ್ನು ಕೊನೆಯ ಮೆಟ್ಟಿಲು, 10 ಕೋಟಿಯ ಸುತ್ತಮುತ್ತಲಿನ ರೋಲ್ಸ್ ರಾಯ್ಸ್ ಫ್ಯಾಂಟಮ್. 6.75 ಲೀಟರಿನ, ಹನ್ನೆರಡು ಸಿಲಿಂಡರಿನ ಎಂಜಿನ್. ಗಾಜು 6 ಮಿ.ಮೀ. ದಪ್ಪದ ಎರಡು ಪದರದ್ದು; ಸದ್ದು ತಡೆಯಲೆಂದೇ ತುಂಬಿದ ಸಾಮಗ್ರಿ 130 ಕೆ.ಜಿ.ಗಿಂತ ಹೆಚ್ಚು. ಎಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಮುಳ್ಳು ಇಲ್ಲಿಲ್ಲ, ಎಷ್ಟು ಶಕ್ತಿ ಇನ್ನೂ ಉಳಿದಿದೆ ಎಂದು ತೋರಿಸುವ ಮುಳ್ಳಿದೆ. ಇಡೀ ಕಾರಿನ ಮನೋಧರ್ಮ ಅದೊಂದರಲ್ಲೇ ಕಾಣುತ್ತದೆ. ಆದರೆ ಎಸ್-ಕ್ಲಾಸಿನಿಂದ ಇಲ್ಲಿಗೆ ಬಂದಾಗ ನಿಶ್ಶಬ್ದ ಐದು ಪಟ್ಟು ಹೆಚ್ಚುವುದಿಲ್ಲ. ಇಲ್ಲಿ ಸವಿಯಬೇಕಾದದ್ದು ಕೈಕೆಲಸ. ಒಳಗಿನ ಮರದ ಹಲಗೆಗಳನ್ನು ಹತ್ತಿರದಿಂದ ನೋಡಿ: ಎಡಗಡೆಯ ಮರದ ಗೆರೆಗಳು ಬಲಗಡೆ ಕನ್ನಡಿಯಲ್ಲಿ ಕಂಡಂತೆ ಕೂಡಿಬರುತ್ತವೆ. ಹೊರಗೆ ಡೋರುಗಳ ಉದ್ದಕ್ಕೂ ಹರಿಯುವ ಸಣ್ಣ ಬಣ್ಣದ ಗೆರೆಯನ್ನು ಕುಶಲಕರ್ಮಿ ಕುಂಚ ಹಿಡಿದು ಕೈಯಲ್ಲೇ ಎಳೆದಿರುತ್ತಾನೆ. ಕಾರು ನಿಂತಾಗ ಚಕ್ರದ ನಡುವಿನ ಎರಡು ಆರ್ ಅಕ್ಷರಗಳು ಯಾವಾಗಲೂ ನೆಟ್ಟಗೆ ನಿಲ್ಲುತ್ತವೆ. ಇವುಗಳಿಂದ ಪ್ರಯಾಣಕ್ಕೆ ಆಗುವ ಉಪಯೋಗ ಏನೂ ಇಲ್ಲ, ಆದರೂ ಇಷ್ಟು ಶ್ರದ್ಧೆಯಿಂದ ಮಾಡಿದ್ದನ್ನು ನೋಡುವಾಗ ಗೌರವ ಮೂಡುತ್ತದೆ.

ಕಣ್ಣು ಪಳಗಿಸಲು ಶ್ರೀರಂಗಪಟ್ಟಣದ ಬಳಿಯ ಪಯಣ ಸಂಗ್ರಹಾಲಯಕ್ಕೋ ಧರ್ಮಸ್ಥಳದ ಕಾರು ಸಂಗ್ರಹಕ್ಕೋ ಹೋಗಿಬನ್ನಿ, ಹಳೆಯ ಕಾರುಗಳ ಹೊಲಿಗೆ, ಕ್ರೋಮು, ಡೋರಿನ ಹಿಡಿ ಎಲ್ಲ ಅಲ್ಲಿ ಕೈಯಳತೆಯಲ್ಲಿವೆ. ಷೋರೂಮಿಗೆ ಹೋದರೆ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಹಾಕಿಸಿ ಎಂದು ಕೇಳಿ, ಅದರಲ್ಲಿ ಸಂಕೋಚವೇನೂ ಬೇಡ. ಸ್ವಂತಕ್ಕೆ ಕೊಳ್ಳುವ ಯೋಗ ಇರುವವರಿಗೆ ನನ್ನ ಸಲಹೆ ಇಷ್ಟೇ: ನೀವೇ ಓಡಿಸುವುದಾದರೆ ಸಿ-ಕ್ಲಾಸ್, ಮನೆಮಂದಿಯ ಸುಖ ಮುಖ್ಯವಾದರೆ ಕ್ಯಾಮ್ರಿ, ಕೈಯಲ್ಲಿ ಒಂದು ಕೋಟಿ ಇದ್ದರೆ ಆರು ಸಿಲಿಂಡರಿನ ಇ-ಕ್ಲಾಸ್. ನಮ್ಮ ರಸ್ತೆಗಳಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ನೆಮ್ಮದಿ ಸಿಗುವುದು ಅದರಲ್ಲೇ.